ಅಂಗಳದಲ್ಲಿ ಇಟ್ಟ ಸೊನ್ನೆ

ಆಕಾಶದ ವಿಷಯ ಓದಿಕೊಂಡವರು ಹೇಳಬೇಕಾದ ಕಥೆ ಇದು. ಅಷ್ಟು ಓದದವರ ಕೈಗೆ ಸಿಕ್ಕಿಬಿಟ್ಟಿದೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಊಟಕ್ಕೆಂದು ಬಂದ ವ್ಯಾನು ಅವನ ಮನೆಯ ಗೇಟಿನ ಎದುರು ನಿಂತದ್ದೇ ತಡ, ಒಳಗಿದ್ದ ಅಲೆ ಹಿಡಿಯುವ ಪೆಟ್ಟಿಗೆಯ ಪರದೆಯ ಮೇಲೆ ಹಸಿರು ಗೆರೆ ಚಂಗನೆ ಎದ್ದು ಮಲಗಿತು. ಅವನು ಎಂಜಿನ್ ಆರಿಸಿ ಕಾದ. ಐದು ನಿಮಿಷಕ್ಕೆ ಮತ್ತೆ ಎದ್ದಿತು. ಬೇರೆ ಯಾರದೋ ಮನೆಯಾಗಿದ್ದರೆ ಅವನು ಆಗಲೇ ಬಾಗಿಲು ಬಡಿದಿರುತ್ತಿದ್ದ.

ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಅವನ ಕೆಲಸವೇ ಅದು. ಅಲ್ಲಿನ ದೊಡ್ಡ ಬಟ್ಟಲಿನಂಥ ಆಂಟೆನಾ ಆಕಾಶದಿಂದ ಬರುವ ತೀರ ಸಣ್ಣ ರೇಡಿಯೋ ಅಲೆಗಳನ್ನು ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಸುತ್ತಲಿನ ಊರುಗಳಲ್ಲಿ ಮೊಬೈಲ್ ಇಲ್ಲ, ವೈಫೈ ಇಲ್ಲ, ತಂತಿಯಿಲ್ಲದ ಯಾವುದೂ ಇಲ್ಲ. ಯಾರಾದರೂ ಕದ್ದು ಇಟ್ಟುಕೊಂಡರೆ ಹುಡುಕಿ ತರುವವನು ಇವನು. ಮಕ್ಕಳು "ಮೂಸೋ ಗಾಡಿ ಬಂತು!" ಎಂದು ಕೂಗುತ್ತಿದ್ದರು. ದೊಡ್ಡವರು ಬೆನ್ನ ಹಿಂದೆ ಮೂಸಪ್ಪ ಎನ್ನುತ್ತಿದ್ದರು.

ಎರಡು ತಿಂಗಳಿಂದ ಯಾವುದೋ ಟಿಕ್ ಸದ್ದು ಆಂಟೆನಾದ ಕಿವಿ ಕೆಡಿಸುತ್ತಿತ್ತು. ಅವನು ಸುತ್ತದ ಓಣಿ ಇರಲಿಲ್ಲ. ಹಾಸಿಗೆ ಹಿಡಿದಿದ್ದ ದರ್ಜಿಯ ತಾಯಿಯ ದಿಂಬಿನ ಪಕ್ಕದಿಂದ ತಂತಿಯಿಲ್ಲದ ಕರೆಗಂಟೆಯನ್ನೂ ಎತ್ತಿಕೊಂಡು ಬಂದಿದ್ದ. "ನಿನ್ನ ಆಕಾಶಕ್ಕೆ ನನ್ನ ಗಂಟೆ ಭಾರ ಆಯ್ತೇನಪ್ಪಾ?" ಎಂದಿದ್ದಳು ಆ ಮುದುಕಿ. ಟಿಕ್ ಮಾತ್ರ ನಿಂತಿರಲಿಲ್ಲ.

ಹೊರಡುವ ಮೊದಲು ದಿನಾ ತನ್ನ ಅಂಗಳದಲ್ಲೇ ಪೆಟ್ಟಿಗೆಗೆ ಸೊನ್ನೆ ಇಡುತ್ತಿದ್ದ. ಅಲ್ಲಿ ಅದಕ್ಕೆ ಏನು ಕೇಳಿಸುತ್ತದೋ ಅದನ್ನೇ ಮೌನ ಎಂದು ಹಿಡಿದು, ಮುಂದೆಲ್ಲ ಅಷ್ಟನ್ನು ಕಳೆಯುತ್ತ ಹೋಗುವುದು. ನಮ್ಮ ಅಂಗಳದಷ್ಟು ಶುದ್ಧ ಜಾಗ ಇನ್ನೆಲ್ಲಿದೆ ಎಂಬ ಹೆಮ್ಮೆ ಬೇರೆ. ನಿನ್ನೆ ಬ್ರೇಕ್ ಕೆಟ್ಟು ವ್ಯಾನು ಗುಡ್ಡದ ಮೇಲೇ ಉಳಿದದ್ದರಿಂದ ಇವತ್ತು ಇಳಿಯುವ ದಾರಿಯ ಕಲ್ಲುಕ್ವಾರಿಯಲ್ಲಿ ಸೊನ್ನೆ ಇಟ್ಟಿದ್ದ.

ಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದು ಒಳಗೆ ಬಂದ. "ಏನಿದೆ ಮನೇಲಿ?"

ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. "ಏನಿರತ್ತೆ? ನಾನು, ನಿಮ್ಮ ಮಗಳು, ಎರಡು ಹಲ್ಲಿ."

"ತಮಾಷೆ ಬೇಡ ಕಣೇ. ಗೆರೆ ಕುಣೀತಾ ಇದೆ."

ಅವಳ ಕೈ ನಿಂತಿತು. "ಗುಬ್ಬಿ, ಬಾ ಇಲ್ಲಿ," ಎಂದಳು. ಮಗಳು ಬಂದು ತಾನೇ ಅಂಗಿಯ ತೋಳು ಮೇಲೆತ್ತಿದಳು. ರಟ್ಟೆಗೆ ನಾಣ್ಯದಗಲದ ಬಿಳಿ ಬಿಲ್ಲೆ ಅಂಟಿಕೊಂಡಿತ್ತು.

ಮಗುವಿಗೆ ಸಕ್ಕರೆ ಕಾಯಿಲೆ. ನಿದ್ದೆಯಲ್ಲಿ ರಕ್ತದ ಸಕ್ಕರೆ ತಟ್ಟನೆ ಇಳಿದುಬಿಡುತ್ತಿತ್ತು. ಐದೈದು ನಿಮಿಷಕ್ಕೊಮ್ಮೆ ಹಾಸಿಗೆ ಪಕ್ಕದ ಯಂತ್ರಕ್ಕೆ ತಂತಿಯಿಲ್ಲದೆ ಲೆಕ್ಕ ಕಳಿಸಿ, ಇಳಿದರೆ ಕೂಗಿ ಎಬ್ಬಿಸುವ ಇಂಥ ಬಿಲ್ಲೆಗೆ ಅವನು ಹೋದ ವರ್ಷ ಅನುಮತಿ ಕೇಳಿದ್ದ; ವೀಕ್ಷಣಾಲಯ ಒಪ್ಪಿರಲಿಲ್ಲ. ಅಂದಿನಿಂದ ಹೆಂಡತಿಯೇ ಎದ್ದೆದ್ದು ಬೆರಳಿಗೆ ಸೂಜಿ ಚುಚ್ಚಿ ನೋಡುತ್ತಿದ್ದಳು. ಒಂದು ಬೆಳಗಿನ ಜಾವ ಅವಳಿಗೆ ಎಚ್ಚರವಾಗಲಿಲ್ಲ.

"ಕಣ್ಣು ಮೇಲೆ ಮಾಡಿತ್ತು ಮಗು. ನೀವೇ ಎತ್ಕೊಂಡು ಓಡಿದ್ರಿ, ಮರೆತ್ರಾ? ಅದಾದ್ಮೇಲೆ ನಮ್ಮಣ್ಣನ ಹತ್ರ ತರಿಸಿದೆ. ಎರಡು ತಿಂಗಳಿಂದ ನಾನು ಮಲಗ್ತಿದೀನಿ ರೀ. ಅಷ್ಟೇ ನಾನು ಮಾಡಿದ ಕಳ್ಳತನ."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಕೀಳ್ತಿದ್ರಾ, ಮುಚ್ಚಿಡ್ತಿದ್ರಾ?"

"ಕೆಲಸ ಹೋದ್ರೆ ಈ ಮನೆ ಬಿಡಬೇಕು. ಇವಳ ಔಷಧಿನೂ ವೀಕ್ಷಣಾಲಯದವರೇ ಕೊಡೋದು," ಎಂದ, ಅವಳಿಗೆ ಗೊತ್ತಿಲ್ಲದ್ದೇನೋ ಎಂಬಂತೆ.

ನಾಳೆ ಮತ್ತೆ ಅಂಗಳದಲ್ಲೇ ಸೊನ್ನೆ ಇಟ್ಟರೆ ಮುಗಿಯಿತು, ಇಷ್ಟು ದಿನದಂತೆ ಬಿಲ್ಲೆಯ ಟಿಕ್ ಕೂಡ ಮೌನದ ಲೆಕ್ಕಕ್ಕೇ ಸೇರಿ ಪೆಟ್ಟಿಗೆಗೆ ಏನೂ ಕೇಳಿಸುವುದಿಲ್ಲ. ಆದರೆ ಗುಡ್ಡದ ಮೇಲೆ ಕೇಳಿಸುತ್ತದೆ. ಇವತ್ತಲ್ಲ ನಾಳೆ ಇನ್ನೊಬ್ಬ ಮೂಸಪ್ಪನನ್ನು ಕಳಿಸುತ್ತಾರೆ. ಅಷ್ಟರೊಳಗೆ ಇನ್ನೆಷ್ಟು ಮುದುಕಿಯರ ದಿಂಬು ತಡಕಬೇಕೋ.

ಗೋಡೆಯ ಮೇಲಿನ ಫೋನು ಹೊಡೆದುಕೊಂಡಿತು. ವೀಕ್ಷಣಾಲಯದ ಮುಖ್ಯಸ್ಥೆ.

"ಏನಯ್ಯಾ, ಸಿಕ್ತಾ? ನಾಳೆ ಹೊರಗಿನ ವಿಜ್ಞಾನಿಗಳು ಬರ್ತಿದಾರೆ. ಆಂಟೆನಾದ ಈ ಒಂದು ವಾರದ ಸರದಿಗೆ ವರ್ಷಗಟ್ಟಲೆ ಕಾದಿದಾರೆ. ಅವರ ಮುಂದೆ ನನ್ನ ಮಾನ ಕಳೀಬೇಡ."

ಹೆಂಡತಿ ಮಡಿಸಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದಳು.

"ಸಿಕ್ತು ಮೇಡಂ," ಎಂದ. "ನಮ್ಮನೇಲಿ. ನನ್ನ ಮಗಳ ತೋಳಲ್ಲಿ."

"ಅಪ್ಪಾ, ಕೀಳಲಾ?" ಗುಬ್ಬಿ ಬಿಲ್ಲೆಯ ಅಂಚಿಗೆ ಉಗುರು ಹಾಕಿದ್ದಳು.

ಅವನು ಫೋನನ್ನು ಹೆಗಲಿಗೆ ಸಿಕ್ಕಿಸಿಕೊಂಡು ಅವಳ ಬೆರಳು ಸರಿಸಿದ. ಬಿಲ್ಲೆಯ ಮೇಲೆ ತನ್ನ ಇಡೀ ಅಂಗೈ ಮುಚ್ಚಿ ಒತ್ತಿ ಹಿಡಿದ. ಮೈಮಾಂಸ ಅಡ್ಡ ಬಂದರೆ ಅಲೆ ಸೊರಗುತ್ತದೆ. ಅವನ ಕೆಲಸ ಕಲಿಸಿದ ವಿದ್ಯೆ ಅದು. ಮೇಜಿನ ಮೇಲಿದ್ದ ಪೆಟ್ಟಿಗೆಯಲ್ಲಿ ಹಸಿರು ಗೆರೆ ಈ ಸಲ ಅರ್ಧಕ್ಕೆ ಎದ್ದು ಮಲಗಿತು.

ಆ ಕಡೆಯಿಂದ ಕೊನೆಗೆ ಏನು ಉತ್ತರ ಬಂತು, ಅವನು ಎಷ್ಟು ಹೊತ್ತು ಹಾಗೆ ಹಿಡಿದುಕೊಂಡಿದ್ದ ಎಂಬುದು ಗೊತ್ತಿಲ್ಲ.