ಗುಮ್ಮಟದ ಹೊರಗೆ ನಿಂತ ಬಸ್ಸು

“ತಲೆ ಕಡೆಯವರು ಸ್ವಲ್ಪ ಎತ್ರಪ್ಪಾ, ಗೋಡೆಗೆ ತಾಗುತ್ತೆ!”

ಮಹಡಿ ಮೆಟ್ಟಿಲ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು.

“ನಲವತ್ತು ಸೀಟಿನ ಬಸ್ಸನ್ನ ಈ ಗಲ್ಲೀಲಿ ಒಂದೇ ಏಟಿಗೆ ತಿರುಗಿಸ್ತಿದ್ದ. ಅವನನ್ನ ತಿರುಗಿಸೋಕೆ ನಮ್ಮ ಕೈಲಿ ಆಗ್ತಿಲ್ಲ ನೋಡು,” ಎಂದ ಮೀಸೆ ಡ್ರೈವರ್. ಸತ್ತವನ ಜೊತೆ ಇಪ್ಪತ್ತು ವರ್ಷ ಒಂದೇ ಪ್ರವಾಸಿ ಕಂಪನಿಯಲ್ಲಿ ದುಡಿದವನು. ನಗು ಬಂದವರು ಕೆಮ್ಮಿದಂತೆ ಮಾಡಿದರು.

ಕಂಪನಿಯವರು ಅವನ ಬಸ್ಸನ್ನೇ ಕಳಿಸಿದ್ದರು. ಹಿಂದಿನ ಸೀಟುಗಳನ್ನು ಬಿಚ್ಚಿ ಪೆಟ್ಟಿಗೆ ಇಟ್ಟರು. ಹೆಂಡತಿ ಮುಂದಿನ ಸೀಟಿನಲ್ಲಿ ಕುಳಿತಳು, ಪಕ್ಕದಲ್ಲಿ ನಾದಿನಿ.

“ಅಳಬೇಡಿ ಅತ್ತಿಗೆ. ಎಲ್ಲೆಲ್ಲಿಂದಲೋ ಜನ ಹುಡುಕಿಕೊಂಡು ಬರೋ ಗುಮ್ಮಟಾನ ನಮ್ಮಣ್ಣ ದಿನಾ ನೋಡಿದ. ಪುಣ್ಯವಂತ.”

“ಹೌದು. ಒಬ್ಬರೇ ನೋಡಿದ್ರು.”

ಮಾತು ಅವಳು ಎಣಿಸಿದ್ದಕ್ಕಿಂತ ಒರಟಾಗಿ ಬಂತು. ನಾದಿನಿ ಅವಳ ಹೆಗಲಿಂದ ಜಾರಿದ್ದ ಶಾಲನ್ನು ಸರಿಮಾಡಿದಳು.

*

ಅತ್ತೆ ಹಾಸಿಗೆ ಹಿಡಿದ ಹನ್ನೊಂದು ವರ್ಷ ಅವಳು ಬೀದಿ ದಾಟಿದ್ದೇ ಕಡಿಮೆ. ಸಂಜೆ ಅವನು ಬಂದು, ತಾಯಿಗೆ ಚಮಚದಲ್ಲಿ ಹಾಲು ಕುಡಿಸುತ್ತಾ ಹೇಳುತ್ತಿದ್ದ: “ಮಧ್ಯಾಹ್ನ ನೀಲಿ ಗಾಜಿನ ಬೆಳಕು ನೆಲದ ತುಂಬ ಬೀಳುತ್ತೆ ಕಣೇ, ನೀರು ಅಂದ್ಕೊಂಡು ಜನ ಕಾಲಿಡೋಕೆ ಹೆದರ್ತಾರೆ. ಗುಮ್ಮಟದ ಕೆಳಗೆ ಗೋರಿ ಮೇಲೆ ಕಲ್ಲಿನ ರಾಣಿ ಮಲಗಿದಾಳೆ, ಪಾದದ ಹತ್ರ ನಾಯಿಮರಿ.”

“ನನ್ನ ಯಾವಾಗ ಕರ್ಕೊಂಡು ಹೋಗ್ತೀರಿ?”

“ಅಮ್ಮ ಸುಧಾರಿಸಲಿ. ಇಬ್ಬರೂ ಹೋಗೋಣ.”

ಅತ್ತೆ ತೀರಿಕೊಂಡ ನಂತರ ಅವಳ ಮಂಡಿನೋವು. ಅದಾದ ಮೇಲೆ ಅವನ ಎದೆನೋವು. ಅವಳು ಕೇಳುವುದನ್ನು ಬಿಟ್ಟಳು, ಆಸೆಯನ್ನು ಬಿಡಲಿಲ್ಲ. ಅವನು ವರ್ಣಿಸಿದಷ್ಟೂ ಹೊಟ್ಟೆಯುರಿಯುತ್ತಿತ್ತು.

*

ಬಸ್ಸು ಹಳೆಯ ಪೇಟೆಯ ಕಡೆ ಹೊರಳಿತು. ಆಚೆ ಬದಿಯ ಸೀಟಿನಲ್ಲಿ ಪ್ರವಾಸಿಗರಿಗೆ ಗುಮ್ಮಟ ತೋರಿಸುವ ಮುದುಕ ಗೈಡ್ ಇದ್ದ. ಅವಳು ತಡೆಯಲಾರದೆ ಕೇಳಿದಳು:

“ಆ ಕಲ್ಲಿನ ರಾಣಿ ಒಳಗೆ ಹೋದ ತಕ್ಷಣ ಕಾಣ್ತಾಳಾ?”

“ರಾಣಿ ಇಲ್ಲಿಲ್ಲಮ್ಮ. ಹೊಳೆಯಾಚೆ ಮಠದಲ್ಲಿರೋದು. ಯಾರು ಹೇಳಿದ್ದು?”

“ಅವರೇ.”

ಗೈಡ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. “ಅವನು ಒಂದು ದಿನಾನೂ ಒಳಗೆ ಕಾಲಿಟ್ಟವನಲ್ಲ. ‘ಬಾರೋ ಮಾರಾಯ, ಟಿಕೆಟ್ಟೂ ಬೇಡ’ ಅಂತ ನಾನೇ ಎಷ್ಟು ಕರೆದೆ! ‘ಒಬ್ನೇ ನೋಡ್ಬಿಟ್ರೆ ಮನೇಲಿ ಯಾವ ಮುಖ ತೋರಿಸ್ಲಿ’ ಅಂತಿದ್ದ. ಜನ ವಾಪಸು ಬಂದಾಗ ಅವರ ಬಾಯಿಂದ ಕೇಳ್ಕೊಂಡು, ಎರಡು ಊರಿನ ಕತೆ ಕಲಸಿಬಿಟ್ಟಿದಾನೆ ಪುಣ್ಯಾತ್ಮ.”

ಅವಳು ಹಿಂದೆ ತಿರುಗಿ ಪೆಟ್ಟಿಗೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

ಮೀಸೆ ಡ್ರೈವರ್ ಯಾರನ್ನೂ ಕೇಳದೆ ಗುಮ್ಮಟದ ಹಿಂದಿನ ಬಯಲಲ್ಲಿ, ಸತ್ತವನು ದಿನಾ ನಿಲ್ಲಿಸುತ್ತಿದ್ದ ಜಾಗದಲ್ಲೇ ಬಸ್ಸು ನಿಲ್ಲಿಸಿದ. ಅಲ್ಲಿಂದ ಕಾಣುವುದು ಬೋಳು ಗೋಡೆ, ಒಂದು ನೀರಿನ ಕೊಳಾಯಿ.

“ಸ್ಮಶಾನದಲ್ಲಿ ಕಾಯ್ತಾರೆ, ಕಾಯಲಿ. ಹೋಗಿ ನೋಡ್ಕೊಂಡು ಬನ್ನಿ ಅಕ್ಕಾ,” ಎಂದ.

ಗೈಡ್ ಕೈ ನೀಡಿದ. ಅವಳು ಇಳಿದಳು, ಎರಡು ಹೆಜ್ಜೆ ಇಟ್ಟಳು, ನಿಂತಳು.

“ಇವರನ್ನ ಇಲ್ಲೇ ಬಿಟ್ಟಾ?”

ಹಿಂದಕ್ಕೆ ಬಂದು ಬಸ್ಸಿನ ಮೆಟ್ಟಿಲ ಮೇಲೆ ಕುಳಿತಳು.

ಗುಮ್ಮಟದ ಬಾಗಿಲಿನ ಕಡೆಯಿಂದ ಪ್ರವಾಸಿ ಹೆಂಗಸೊಬ್ಬಳು ಬೆವರು ಒರೆಸುತ್ತಾ ಬಂದು, ತನ್ನದೇ ಬಸ್ಸೆಂದುಕೊಂಡು ಅವಳ ಪಕ್ಕದಲ್ಲಿ ಕುಳಿತಳು.

“ಯಾಕಮ್ಮ, ಒಳಗೆ ಹೋಗಲಿಲ್ವಾ? ಕಾಲುನೋವಾ?”

ಹೆಂಡತಿ ಹೂಂ ಎನ್ನುವಂತೆ ತಲೆಯಾಡಿಸಿದಳು.

“ಅಯ್ಯೋ, ಅದು ಎಂಥಾ ಗುಮ್ಮಟ ಅಂತೀರಿ!” ಆಕೆ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದಳು. ಅದು ಸಾಲದೆಂದು ಎದ್ದು ನಿಂತಳು. ಆಮೇಲೆ ತುದಿಗಾಲಿನ ಮೇಲೆ.