ನೂರಾ ಹನ್ನೆರಡು ವೈರಸ್ಸು

ಎರಡು ಸಾವಿರದ ಆರನೇ ಇಸವಿಯ ಶಿರಸಿಯಲ್ಲಿ ಕಂಪ್ಯೂಟರ್ ಇದ್ದವರಿಗಿಂತ ಕಂಪ್ಯೂಟರ್ ಗೊತ್ತಿದ್ದವರೇ ಹೆಚ್ಚು. ಅಂಥವರಲ್ಲಿ ಶಾಂತಾರಾಮ ಸರ್ ಎಲ್ಲರಿಗಿಂತ ಎತ್ತರದವರು. ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ತರಬೇತಿ ಕೇಂದ್ರ ಇಟ್ಟಿದ್ದರು. ಗೋಡೆಯ ಮೇಲೆ ಏಳು ಸರ್ಟಿಫಿಕೇಟುಗಳಿಗೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದರು. ಅದರಲ್ಲಿ ಒಂದು ಈಜಿನದು. ಅಷ್ಟು ಹತ್ತಿರ ಹೋಗಿ ಓದುವ ಧೈರ್ಯ ಯಾರಿಗೂ ಇರಲಿಲ್ಲ.

ಅವರ ಹತ್ತಿರ ಇದ್ದ ಮದ್ದು ಒಂದೇ, ಫಾರ್ಮ್ಯಾಟ್. ಮೌಸು ತಿರುಗದಿದ್ದರೂ ಫಾರ್ಮ್ಯಾಟ್, ಪ್ರಿಂಟರಿಗೆ ಕಾಗದ ಸಿಕ್ಕಿಹಾಕಿಕೊಂಡರೂ ಫಾರ್ಮ್ಯಾಟ್. ಒಳಗಿದ್ದದ್ದೆಲ್ಲ ತೊಳೆದುಹೋದ ಮೇಲೆ ಯಂತ್ರ ಹೊಸದರ ಹಾಗೆ ಓಡುತ್ತಿತ್ತು, ಮನೆಯವರು ಕೈಮುಗಿಯುತ್ತಿದ್ದರು. ತಲೆನೋವು ಎಂದವನ ತಲೆಯನ್ನೇ ತೆಗೆದರೆ ನೋವು ಉಳಿಯುವುದಾದರೂ ಎಲ್ಲಿ?

ಹಾಗೆ ಕೈಮುಗಿಯುವವರ ಮೊದಲ ಸಾಲಿನಲ್ಲಿ ನಾಗಪತಿ ಮಾಸ್ತರರಿದ್ದರು. ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಕಲಿಸುತ್ತಿದ್ದವರು. ಶಾಲೆಯ ಮಾಸ್ತರರಲ್ಲಿ ಮೊದಲು ಮನೆಗೆ ಕಂಪ್ಯೂಟರ್ ತಂದವ ತಾನು ಎನಿಸಿಕೊಳ್ಳಲು ತಂದರು, ಕಸೂತಿ ಬಟ್ಟೆ ಹೊದೆಸಿದರು, ಬಂದವರಿಗೆ ಬಟ್ಟೆ ಸರಿಸಿ ತೋರಿಸಿದರು. ಅದರಲ್ಲಿ ಇಸ್ಪೀಟು ಆಡುವುದೊಂದು ಬಿಟ್ಟು ಬೇರೇನೂ ಕಲಿಯಲಿಲ್ಲ. ಕಲಿತವಳು ಅವರ ಹೆಂಡತಿ ರಾಜೀವಿ. ತವರೂರು ಸಿದ್ದಾಪುರದ ಪ್ರೆಸ್ಸಿನಲ್ಲಿ ಭೂಮಿಕಾ ಎಂಬ ನೆಂಟರ ಹುಡುಗಿ ಅಕ್ಷರ ಜೋಡಿಸುವ ಕೆಲಸದಲ್ಲಿದ್ದಳು. ಅವಳಿಗೆ ಫೋನು ಮಾಡಿ ಮಾಡಿ, ಕನ್ನಡ ಬರೆಯುವ ನುಡಿ ಎಂಬ ಪ್ರೋಗ್ರಾಮನ್ನು ಹಾಕಿಸಿಕೊಂಡು, ಎರಡು ಬೆರಳಲ್ಲಿ ಕುಟ್ಟುತ್ತ ರಾಜೀವಿ ಒಂದು ಕೆಲಸ ಹಿಡಿದಿದ್ದಳು. ಅತ್ತೆ ಸೀತಮ್ಮನಿಗೆ ಗೊತ್ತಿದ್ದ, ಸೊಪ್ಪು ಬೀಸಿ ಮಜ್ಜಿಗೆಗೆ ಕಲಸುವ ತಂಬುಳಿಗಳನ್ನೆಲ್ಲ ಬರೆದಿಡುವುದು.

ಸೀತಮ್ಮನಿಗೆ ಗೊತ್ತಿಲ್ಲದ ಸೊಪ್ಪಿರಲಿಲ್ಲ. ಒಂದೆಲಗ, ಕನ್ನೆಕುಡಿ, ಪೇರಲ ಚಿಗುರು, ಕೊಡಸನ ಹೂವು, ದಾಳಿಂಬೆ ಸಿಪ್ಪೆ, ಯಾವುದನ್ನು ಹುರಿಯಬೇಕು, ಯಾವುದನ್ನು ಹಸಿಯಾಗಿ ಬೀಸಬೇಕು, ಯಾವುದು ಬಾಣಂತಿಗೆ, ಯಾವುದು ಹೊಟ್ಟೆ ಕೆಟ್ಟವರಿಗೆ. ಎರಡು ವರ್ಷ ಮಧ್ಯಾಹ್ನದ ಊಟವಾದ ಮೇಲೆ ಮಂಚದ ಮೇಲೆ ಕೂತು ಹೇಳುತ್ತಿದ್ದಳು. ಆದರೆ ಶುರುಮಾಡುವ ಮೊದಲು ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ.

"ಶ್ರೀ ಬರದ್ಯನೇ?"

"ಬರದಿ ಅತ್ತೆ."

"ಹಂಗಾರೆ ತಗ, ಬರಿ."

ಮೊದಲ ಸಾಲಿನಲ್ಲಿ ಶ್ರೀ ಇಲ್ಲದ ಕಾಗದವನ್ನು ಆ ಮನೆಯಲ್ಲಿ ಕಾಗದ ಎನ್ನುತ್ತಿರಲಿಲ್ಲ, ಹಾಲಿನವನ ಚೀಟಿಗೂ ಶ್ರೀ ಬೇಕಿತ್ತು. ಹೀಗೆ ಒಂದೊಂದು ತಂಬುಳಿಯೂ ಒಂದೊಂದು ಫೈಲಾಯಿತು. ಉಳಿಸುವಾಗ ಕಂಪ್ಯೂಟರ್ ಮೊದಲ ಸಾಲನ್ನೇ ಹೆಸರೆಂದು ಹಿಡಿದುಕೊಳ್ಳುತ್ತಿತ್ತು. ಹಾಳೆಯ ಮೇಲೆ ಚೆಂದವಾಗಿ ಕಾಣುತ್ತಿದ್ದ ಶ್ರೀ, ಹೆಸರಿನ ಜಾಗದಲ್ಲಿ ಮಾತ್ರ ²æÃ ಎಂದು ಸೊಟ್ಟಗಾಗಿ ಕೂರುತ್ತಿತ್ತು. ಈ ಯಂತ್ರದ ಕೈಬರಹವೇ ಹೀಗೆ ಎಂದುಕೊಂಡು ರಾಜೀವಿ ಮುಂದೊಂದು ಅಂಕೆ ಹಾಕಿ ಬಿಡುತ್ತಿದ್ದಳು. ಒಂದರಿಂದ ನೂರಾ ಹನ್ನೆರಡರವರೆಗೆ.

ಅಲ್ಲಿಗೆ ಬಂದು ನಿಂತಿತು. ಮಾಘ ಮಾಸದಲ್ಲಿ ಸೀತಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ನಾಲಿಗೆ ಮೂರೂ ಹೋದವು. ಉಳಿದದ್ದು ಎಡಗೈ ಮತ್ತು ಹುಬ್ಬು. ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ. ಇನ್ನೊಮ್ಮೆ ಹೇಳಿಸಿಕೊಳ್ಳುತ್ತೇನೆ ಎಂದರೆ ಹೇಳುವ ಬಾಯಿ ಮಾತ್ರ ಇರಲಿಲ್ಲ. ಇದ್ದದ್ದೆಲ್ಲ ಆ ಡಬ್ಬಿಯ ಒಳಗೆ.

ಅಂಥ ಡಬ್ಬಿಗೆ ನಾಗಪತಿ ಮಾಸ್ತರರು ವೈರಸ್ಸು ತಂದು ಹಾಕಿದರು. ಸಹೋದ್ಯೋಗಿ ವಿಶ್ವೇಶ್ವರ ಮಾಸ್ತರರ ಹತ್ತಿರ ಜಾತಕ ಕೂಡಿಸುವ ಪ್ರೋಗ್ರಾಮೊಂದು ಪುಕ್ಕಟೆ ಸಿಕ್ಕಿತು. ಅವರಿಗೆ ಮಂಚಿಕೇರಿಯ ಭಾವನಿಂದ, ಭಾವನಿಗೆ ಇನ್ನಾರಿಂದಲೋ. ಅದನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿ, ತಮ್ಮ ಹಾಗೂ ರಾಜೀವಿಯ ಜಾತಕ ಕೂಡಿಸಿ ನೋಡಿದರು. ಮದುವೆಯಾಗಿ ಇಪ್ಪತ್ತೆರಡು ವರ್ಷದ ಮೇಲೆ. ಮೂವತ್ತಾರಕ್ಕೆ ಹನ್ನೊಂದು ಗುಣ ಬಂತು, ಮತ್ತು ಕಂಪ್ಯೂಟರ್ ಅಲ್ಲೇ ನಿಂತಿತು. ಅಂದಿನಿಂದ ಹತ್ತು ನಿಮಿಷ ಓಡುವುದು, ಬಾಣ ಪರದೆಯ ಮೇಲೆ ಸತ್ತ ನೊಣದಂತೆ ಅಂಟಿಕೊಳ್ಳುವುದು.

"ನಿನ್ನ ಸೊಪ್ಪು ಸದೆ ತುಂಬಿ ತುಂಬಿ ಮಷಿನ್ನಿಗೆ ಅಜೀರ್ಣ ಆಜು," ಎಂದರು ಮಾಸ್ತರರು.

"ನಿಂಗ ಜಾತಕ ಹಾಕಿದ್ದ ದಿನದಿಂದ ಅಲ್ದಾ?"

"ಜಾತಕಕ್ಕೂ ವೈರಸ್ಸಿಗೂ ಎಂತ ಸಂಬಂಧ ಮಾರಾಯ್ತಿ? ಗೊತ್ತಿಲ್ದೆ ಮಾತಾಡಡ. ಭಾನುವಾರ ಸರ್ ಬರ್ತ."

ಭಾನುವಾರ ಸರ್ ಬಂದರು. ಕೊರಳಲ್ಲಿ ಪೆನ್‌ಡ್ರೈವು, ಬಗಲಲ್ಲಿ ಸೀಡಿಗಳ ಚೀಲ. ಸೀತಮ್ಮನ ಮಂಚವೂ ಕಂಪ್ಯೂಟರಿನ ಮೇಜೂ ಒಂದೇ ಜಗುಲಿಯಲ್ಲಿದ್ದವು.

"ಅಜ್ಜೀ, ಆರಾಮಾ?" ಎಂದು ಕಿವುಡರನ್ನು ಕೇಳುವ ಹಾಗೆ ಕೂಗಿದರು. ಸೀತಮ್ಮ ಹುಬ್ಬೇರಿಸಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ನೋಡಿ ಮಾಸ್ತರೇ, ವೈರಸ್ಸು ಅಂದ್ರೆ ಹುಳ ಇದ್ದ ಹಾಗೆ. ಹುಡುಕಬೇಕು, ಕೊಲ್ಲಬೇಕು. ಮೊನ್ನೆ ಯಲ್ಲಾಪುರದಲ್ಲಿ ಒಬ್ಬರದ್ದು ಹದಿನಾಲ್ಕು ಹಿಡಿದೆ. ಅವರ ಮಗಳ ಲಗ್ನದ ಫೋಟೊ ಎಲ್ಲ ಹೋಯ್ತು ಅನ್ನಿ. ಆದರೆ ಮಷಿನ್ನು ಈಗ ಕುದುರೆ."

"ಫೋಟೊ ಬಿಡಿ ಸರ್, ಮತ್ತೆ ತೆಗಸಲಾಗ್ತು," ಎಂದರು ಮಾಸ್ತರರು. ಮಗಳಿಗೆ ಮತ್ತೆ ಲಗ್ನ ಮಾಡಿಸಬೇಕೇನೋ.

ರಾಜೀವಿ ಚಹಾ ಮಾಡಲು ಒಳಗೆ ಹೋಗಿದ್ದಳು. ಹೊರಗಿನಿಂದ ಒಂದು ಕೇಕೆ ಕೇಳಿಸಿತು.

"ಸಿಕ್ತು! ಬನ್ನಿ ಮಾಸ್ತರೇ, ಇಲ್ಲಿ ನೋಡಿ. ಹೆಸರು ಹೆಂಗಿದೆ ನೋಡಿದ್ರಾ? ಇದು ಮನುಷ್ಯರ ಭಾಷೆ ಅಲ್ಲ. ರಷ್ಯಾದವರು ಬರೆದು ಬಿಡೋದು. ಮರಿ ಹಾಕಿದೆ ಮಾರಾಯ್ರೇ, ಒಂದು, ಎರಡು, ಮೂರು ಅಂತ ನಂಬರು ಬೇರೆ!"

"ಅಯ್ಯೋ ದೇವ್ರೇ. ಎಷ್ಟಿದ್ದು ಸರ್?"

"ನನ್ನ ಸರ್ವೀಸಿನಲ್ಲೇ ಇಷ್ಟು ನೋಡಿರಲಿಲ್ಲ. ನೂರಾ ಹನ್ನೆರಡು!"

ಚಹಾದ ಪಾತ್ರೆ ಉಕ್ಕಿ ಒಲೆಗೆ ಸುರಿಯಿತು. ರಾಜೀವಿ ಇಕ್ಕಳವನ್ನು ಕೈಯಲ್ಲಿ ಹಿಡಿದೇ ಜಗುಲಿಗೆ ಬಂದಳು. ಅಷ್ಟರಲ್ಲಿ ಸರ್ ಎಲ್ಲವನ್ನೂ ಬಾಚಿ ಕಸದ ಬುಟ್ಟಿಗೆ ಹಾಕಿ, ಆ ಬುಟ್ಟಿಯನ್ನೂ ಬರಿದು ಮಾಡಲು ಹೊರಟಿದ್ದರು. ನಿಜವಾಗಿಯೂ ಅಳಿಸಬೇಕೇ ಎಂದು ಪರದೆ ಕೇಳುತ್ತಿತ್ತು. ಬಾಣ ಹೌದು ಎಂಬುದರ ಕಡೆಗೆ ತೆವಳುತ್ತಿತ್ತು.

"ಸರ್, ಒತ್ತಡಿ! ಅದು ವೈರಸ್ ಅಲ್ಲ. ಅದು ಶ್ರೀ!"

"ಯಾವ ಶ್ರೀ?"

"ಶ್ರೀಕಾರ, ಸರ್. ಕಾಗದದ ತಲೆಗೆ ಬರಿತ್ವಲ, ಆ ಶ್ರೀ. ಅತ್ತೆ ಹೇಳಿದ ತಂಬುಳಿ ಎಲ್ಲ ಅದು."

ಶಾಂತಾರಾಮ ಸರ್ ನಕ್ಕರು. ತರಬೇತಿಗೆ ಬಂದ ಹುಡುಗಿಯರು ಮೌಸನ್ನು ಎತ್ತಿ ಹಿಡಿದಾಗ ನಗುವ ನಗು ಅದು. "ಅಕ್ಕಾ, ಅಡುಗೆಮನೆಯಲ್ಲಿ ತಂಬುಳಿ ಮಾಡಿ, ನಾನು ಬೇಡ ಅನ್ನೋದಿಲ್ಲ. ಇದು ಬೇರೆ ವಿಷಯ."

"ನಿಂಗಾದ್ರೂ ನೋಡಿ," ಎಂದು ಅವಳು ಗಂಡನ ಕಡೆ ತಿರುಗಿದಳು. "ಒಂದು ತೆಗದು ನೋಡಲಾಗ್ತಿಲ್ಯ?"

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಮೂಗು ತಾಗಿಸಿದರು. "ಇಪ್ಪತ್ತಾರು ವರ್ಷ ಕನ್ನಡ ಕಲಿಸಿದ್ದಿ ಆನು. ಶ್ರೀ ಹೆಂಗಿರ್ತು ಹೇಳಿ ಯಂಗೆ ಗೊತ್ತಿಲ್ಯ? ಸುಮ್ನಿರು. ಸರ್, ನಿಂಗ ಒತ್ತಿ."

ಸರ್ ಮೌಸು ಸರಿಸಿದರು. ಬಾಣ ಸರಿಯಲಿಲ್ಲ. ಕುಟ್ಟಿದರು, ಎತ್ತಿ ಮೇಜಿನ ಮೇಲೆ ಬಡಿದರು, ಬಾಲ ಕಿತ್ತು ಮತ್ತೆ ಸಿಕ್ಕಿಸಿದರು. ಹತ್ತು ನಿಮಿಷ ಮುಗಿದಿತ್ತು. ಹೌದು ಎಂಬ ಚೌಕದಿಂದ ಬೆರಳಗಲ ಈಚೆಗೆ ಬಾಣ ಅಂಟಿ ಕೂತಿತ್ತು. ನಿಜವಾದ ವೈರಸ್ಸು ತನ್ನ ಪಾಲಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು. ಆ ಜಗುಲಿಯಲ್ಲಿ ಆ ಹೊತ್ತು ಕೆಲಸ ಗೊತ್ತಿದ್ದದ್ದು ಅದೊಂದಕ್ಕೇ.

"ನೋಡಿದ್ರಾ, ಸಾಯುವ ಮೊದಲು ಒದ್ದಾಡ್ತಾ ಇದೆ," ಎಂದರು ಸರ್, ಬೆವರು ಒರೆಸಿಕೊಳ್ಳುತ್ತ. "ಇನ್ನು ದಯೆ ತೋರಿಸಿ ಪ್ರಯೋಜನ ಇಲ್ಲ. ಫಾರ್ಮ್ಯಾಟ್ ಹೊಡೆದು ಬಿಡ್ತೇನೆ." ಚೀಲದಿಂದ ಸೀಡಿ ತೆಗೆದರು.

ರಾಜೀವಿ ಗೋಡೆಯ ಸ್ವಿಚ್ಚು ಆರಿಸಿದಳು, ಡಬ್ಬಿಯ ಬೆನ್ನಿಗೆ ಸಿಕ್ಕಿಸಿದ್ದ ಕರೆಂಟಿನ ವಾಯರನ್ನು ಎರಡೂ ಕಡೆ ಕಿತ್ತು, ಸುರುಳಿ ಸುತ್ತಿ ಸೀತಮ್ಮನ ಎಡಗೈಗೆ ಕೊಟ್ಟಳು. ಸೀತಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು.

"ಆಯಿ, ಕೊಡು ಇಲ್ಲಿ," ಎಂದರು ಮಾಸ್ತರರು.

ಸೀತಮ್ಮ ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಐವತ್ತು ವರ್ಷದ ಹಿಂದೆ ಹಾಸಿಗೆ ಒದ್ದೆ ಮಾಡಿದಾಗಲೂ ಅವಳು ಹೀಗೆ ನೋಡಿರಲಿಕ್ಕಿಲ್ಲ.

"ಅಜ್ಜೀ, ಜಾಣೆ ಅಲ್ವಾ ನೀವು? ಕೊಟ್ಬಿಡಿ, ಚಾಕಲೇಟು ಕೊಡ್ತೇನೆ," ಎಂದು ಸರ್ ಬಗ್ಗಿ ಕೈಚಾಚಿದರು. ವಾಯರಿನ ತುದಿಯ ಪಿನ್ನು ಸುಯ್ಯೆಂದು ಬಂದು ಅವರ ಮಣಿಕಟ್ಟಿಗೆ ಬಡಿಯಿತು. ಸರ್ ಕೈ ಜಾಡಿಸಿಕೊಂಡು ಎದ್ದುನಿಂತರು.

"ಇರ್ಲಿ. ಸೆಂಟರಿನಲ್ಲಿ ಇಂಥವು ಹತ್ತಿವೆ. ಈಗ ಯಲ್ಲಾಪುರಕ್ಕೆ ಹೋಗಬೇಕು, ನಾಳೆ ಬೆಳಿಗ್ಗೆ ಬಂದವನೇ ಫಾರ್ಮ್ಯಾಟ್. ಮಾಸ್ತರೇ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಹರಡ್ತದೆ."

ಸರ್ ಚಹಾ ಕುಡಿಯದೆ ಹೋದರು. ಮಾಸ್ತರರು ಊಟ ಮಾಡಿ, ನಾಲ್ಕು ಮಂದಿಗೆ ಫೋನು ಹಚ್ಚಿ ತಮ್ಮ ಮನೆಯಲ್ಲಿ ನೂರಾ ಹನ್ನೆರಡು ಸಿಕ್ಕಿದ ಸುದ್ದಿ ಹೇಳಿದರು. ವಿಶ್ವೇಶ್ವರ ಮಾಸ್ತರರ ಮನೆಯಲ್ಲಿ ಬರೀ ಏಳು ಸಿಕ್ಕಿತ್ತಂತೆ. ಆ ತೃಪ್ತಿಯಲ್ಲೇ ಮಲಗಿದರು, ಗೊರಕೆ ಶುರುವಾಯಿತು.

ರಾಜೀವಿ ಪಕ್ಕದ ಮನೆಯ ದೇವಿಯನ್ನು ಕರೆದು ಅತ್ತೆಯ ಹತ್ತಿರ ಕೂರಿಸಿದಳು. ಡಬ್ಬಿಯನ್ನು ಹಳೆ ಸೀರೆಯಲ್ಲಿ ಸುತ್ತಿ, ಗೋಣಿಚೀಲಕ್ಕೆ ಇಳಿಸಿ, ಸೊಂಟಕ್ಕೆ ಏರಿಸಿಕೊಂಡು ಸಿದ್ದಾಪುರದ ಬಸ್ಸು ಹತ್ತಿದಳು.

"ಅದೆಂತದ್ರೀ ಅಮ್ಮಾ, ಹಲಸಿನ ಹಣ್ಣಾ?" ಎಂದ ಕಂಡಕ್ಟರ್.

"ಅಲ್ಲ, ಕಂಪ್ಯೂಟರ್."

"ಹಾಂ! ಮೊಳೆ ಗಿಳೆ ಇಲ್ಲ ಅಲ್ಲ? ಸೀಟು ಹರಿದ್ರೆ ನನ್ನ ತಲೆಗೆ ಬರ್ತದೆ." ಅವನು ಚೀಲದ ಮೇಲೊಮ್ಮೆ ಕೈ ತಟ್ಟಿ ಮುಂದೆ ಹೋದ. ದಾರಿಯುದ್ದಕ್ಕೂ ಗುಂಡಿ. ಪ್ರತಿ ಗುಂಡಿಗೂ ರಾಜೀವಿ ಡಬ್ಬಿಯನ್ನು ತೊಡೆಯ ಮೇಲೆ ಎತ್ತಿ ಹಿಡಿಯುತ್ತಿದ್ದಳು.

ವೈಶಾಖ ಮಾಸ, ಲಗ್ನದ ಕಾಲ. ಪ್ರೆಸ್ಸಿಗೆ ಭಾನುವಾರವೆಂಬುದಿರಲಿಲ್ಲ. ಭೂಮಿಕಾ ಲಗ್ನಪತ್ರಿಕೆಗಳ ರಾಶಿಯ ನಡುವೆ ಕೂತಿದ್ದಳು. ಡಬ್ಬಿಗೆ ಪ್ರೆಸ್ಸಿನ ವಾಯರು, ಪರದೆ ಜೋಡಿಸಿ, ಚಾಲೂ ಮಾಡುವಾಗಲೇ ಒಂದು ಗುಂಡಿ ಒತ್ತಿ ಹಿಡಿದಳು.

"ಹಿಂಗೆ ಎಬ್ಬಿಸಿದ್ರೆ ಬೇಕಾದ್ದು ಮಾತ್ರ ಎದ್ದು ಕೂರ್ತು ಅತ್ತಿಗೆ. ವೈರಸ್ಸು ಮಲಗೇ ಇರ್ತು. ನಿಂಗೆ ಇದು ಹೇಳೇ ಇರ್ಲಿಲ್ಲೆ, ತಪ್ಪು ಯಂದೇಯ."

ಹತ್ತು ನಿಮಿಷವಾಯಿತು, ಹದಿನೈದಾಯಿತು. ಬಾಣ ಓಡಾಡುತ್ತಲೇ ಇತ್ತು. ಭೂಮಿಕಾ ಕಸದ ಬುಟ್ಟಿ ತೆರೆದಳು. ಪರದೆಯ ತುಂಬ ²æÃ, ²æÃ, ²æÃ.

"ಶ್ರೀ ಒಂದು, ಶ್ರೀ ಎರಡು, ಶ್ರೀ ಮೂರು," ಎಂದು ಭೂಮಿಕಾ ಅಂಗಡಿಯ ಬೋರ್ಡು ಓದುವಂತೆ ಓದಿದಳು. "ಇದೆಂತದೇ ಅತ್ತಿಗೆ, ಎಲ್ಲದಕ್ಕೂ ಶ್ರೀ ಹೇಳಿ ಹೆಸ್ರಿಟ್ಟಿದ್ಯ? ಹುಡುಕೂಲೆ ಹೆಂಗೆ ಆಗ್ತು ನಿಂಗೆ?"

"ಓದೂಲೆ ಬತ್ತನೇ ನಿಂಗೆ ಅದು?"

"ದಿನಾ ಇಪ್ಪತ್ತು ಲಗ್ನಪತ್ರಿಕೆ ಮಾಡ್ತೆ. ಇದು ಬರದಿದ್ರೆ ಊರಿನವರ ಲಗ್ನ ಆದಂಗೇ!"

"ಯಮ್ಮನೆಯವಕ್ಕೆ ಬರ್ಲಿಲ್ಲೆ. ಇಪ್ಪತ್ತಾರು ವರ್ಷದ ಕನ್ನಡ ಮಾಸ್ತರು."

ಭೂಮಿಕಾ ನಗು ತಡೆಯಲು ತುಟಿ ಕಚ್ಚಿಕೊಂಡಳು. ನೂರಾ ಹನ್ನೆರಡನ್ನೂ ಬುಟ್ಟಿಯಿಂದ ಎತ್ತಿ ಸ್ವಸ್ಥಾನಕ್ಕೆ ಕಳಿಸಿದಳು. ಒಂದೊಂದನ್ನೂ ತೆರೆದು ನೋಡಿ ಸೀಡಿಗೆ ಹಾಕಿದಳು, ಮತ್ತೊಂದು ಸೀಡಿಗೆ ಇನ್ನೊಂದು ಪ್ರತಿ. ಆಮೇಲೆ ಜಾತಕದ ಪ್ರೋಗ್ರಾಮನ್ನೂ, ಅದರ ಜೊತೆ ಬಂದು ಫೋಲ್ಡರಿನ ವೇಷ ಹಾಕಿ ಮೂಲೆ ಮೂಲೆಯಲ್ಲಿ ಕೂತಿದ್ದವುಗಳನ್ನೂ ಒಂದೊಂದಾಗಿ ಹೆಕ್ಕಿ ತೆಗೆದಳು. ನಿಜವಾದ ವೈರಸ್ಸುಗಳಿಗೆ ಒಳ್ಳೆಯ, ಸ್ವಚ್ಛವಾದ ಇಂಗ್ಲಿಷ್ ಹೆಸರುಗಳಿದ್ದವು. ಆದ್ದರಿಂದಲೇ ಸರ್ ಅವುಗಳನ್ನು ಗೌರವದಿಂದ ಬಿಟ್ಟಿದ್ದರು.

ರಾತ್ರಿಯ ಬಸ್ಸಿಗೆ ಮರಳಿದ ರಾಜೀವಿ ಅತ್ತೆಯಿಂದ ವಾಯರು ಈಸಿಕೊಂಡು ಡಬ್ಬಿಗೆ ಸಿಕ್ಕಿಸಿದಳು. ಮರುದಿನ ಬೆಳಿಗ್ಗೆ ಶಾಂತಾರಾಮ ಸರ್ ಹೊಸ ವಾಯರು ಹಿಡಿದು ಬಂದಾಗ ಕಂಪ್ಯೂಟರ್ ಓಡುತ್ತಿತ್ತು. ಅರ್ಧ ಗಂಟೆಯಿಂದ ಓಡುತ್ತಿತ್ತು. ಅವರು ಎರಡು ನಿಮಿಷ ನಿಂತು ನೋಡಿದರು.

"ಹೇಳಿದ್ನಲ್ಲ ಮಾಸ್ತರೇ, ನಿನ್ನೆ ನಾನು ಕೊಟ್ಟ ಏಟು ಸ್ವಲ್ಪ ತಡವಾಗಿ ಕೆಲಸ ಮಾಡ್ತದೆ."

"ಹೌದು ಸರ್," ಎಂದರು ಮಾಸ್ತರರು. ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೂ ಬಂದರು. ಇಂಥವರಿಗೆ ಇಂಥವರನ್ನೇ ದೇವರು ಜೋಡಿಸಿ ಇಟ್ಟಿರುತ್ತಾನೆ. ಅದಕ್ಕೆ ಯಾವ ಪ್ರೋಗ್ರಾಮೂ ಬೇಕಾಗುವುದಿಲ್ಲ.

ರಾಜೀವಿ ಅದಾವುದಕ್ಕೂ ಕಿವಿಗೊಡದೆ ಅತ್ತೆಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಬರೆದದ್ದನ್ನು ಓದಿ ಹೇಳುತ್ತಿದ್ದಳು. ತಪ್ಪಿದ್ದಲ್ಲಿ ಸೀತಮ್ಮ ಎಡಗೈಯಿಂದ ಮಂಚ ಬಡಿಯುತ್ತಿದ್ದಳು. ಕೊಡಸನ ಹೂವಿಗೆ ಬಡಿದಳು. ರಾಜೀವಿ ಅವಳ ಹುಬ್ಬು ನೋಡಿಕೊಂಡೇ ಒಂದೊಂದಾಗಿ ಕೇಳಿದಳು.

"ಹುರಿಯಕು ಹೇಳಿ ಬರದ್ದಿ. ಹುರೂಲಾಗ? ಹುರೂಲಾಗ್ತು. ಜೀರಿಗೆ ಬ್ಯಾಡ್ದ? ಬೇಕು. ಮತ್ತೆ ಕಾಳುಮೆಣಸು?" ಸೀತಮ್ಮ ಎರಡು ಬೆರಳು ತೋರಿಸಿದಳು. "ಎರಡೇ ಕಾಳನ? ಆನು ಎರಡು ಚಮಚ ಬರದ್ದಿ ಅತ್ತೆ!" ಸೀತಮ್ಮ ಸೊಸೆಯ ಕಡೆ ನೋಡಿದ ನೋಟವನ್ನು ಬರೆಯಲು ಹೋಗುವುದಿಲ್ಲ. ಆ ತಂಬುಳಿ ಉಂಡವರು ಏನಾಗಬೇಕಿತ್ತು ಎಂಬುದೆಲ್ಲ ಅದರಲ್ಲಿತ್ತು. ರಾಜೀವಿ ತಿದ್ದಿದಳು, ಉಳಿಸಿದಳು.

ಬೀಳ್ಕೊಟ್ಟು ಬಂದ ಮಾಸ್ತರರು ಕಂಬಕ್ಕೆ ಒರಗಿ ಇದನ್ನೆಲ್ಲ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡರು.

"ಸರಿ ನೋಡನ, ಆನು ಓದ್ತೆ. ನೀನು ತಿದ್ದು."

ರಾಜೀವಿ ಜಾಗ ಬಿಟ್ಟಳು. ಅವರು ಗಂಟಲು ಸರಿಮಾಡಿಕೊಂಡು, ಹತ್ತನೇ ಇಯತ್ತೆಗೆ ಪದ್ಯ ಹೇಳುವ ದನಿಯಲ್ಲಿ ಪೇರಲ ಚಿಗುರಿನ ತಂಬುಳಿಯನ್ನು ರಾಗವೆಳೆದು ಶುರುಮಾಡಿದರು. ಎರಡನೇ ಸಾಲಿಗೆ ಮಂಚ ದಡದಡನೆ ಬಡಿಯಿತು.

"ಇದ್ರಲ್ಲಿ ಎಂತ ತಪ್ಪಿದ್ದು?" ಎಂದರು ಮಾಸ್ತರರು.

"ತಂಬುಳಿ ಸಮಾ ಇದ್ದು," ಎಂದಳು ರಾಜೀವಿ. "ಓದಿದ್ದು ಸಮಾ ಇಲ್ಲೆ."