ಮೈದಾನಕ್ಕೆ ಬೆನ್ನು

ಎಡಕ್ಕೆ ವಾಲಿದವು ಮುಖಗಳೆಲ್ಲ, ಒಟ್ಟಿಗೇ, ಯಾರೋ ಇಡೀ ಗ್ಯಾಲರಿಯನ್ನೇ ಓರೆ ಮಾಡಿದ ಹಾಗೆ, ಅಂದರೆ ಚೆಂಡು ನಮ್ಮ ಗೋಲಿನ ಕಡೆ ಹೋಗುತ್ತಿದೆ, ನನ್ನ ಮಗಳ ಕಡೆ, ಮುಂದಿನ ಸಾಲಿನ ಬೋಳುತಲೆಯವನ ಬಾಯಿ ತೆರೆಯಿತು — ತೆರೆದೇ ಇದೆ — ಈಗ ಮುಚ್ಚಿತು, ನನ್ನ ಹೆಂಡತಿ ಕೈಚೀಲವನ್ನು ಎದೆಗವಚಿಕೊಂಡಳು, ಹಾಗಾದರೆ ಮಗಳು ಹಿಡಿದಳು, ಹಿಡಿದಿರಬೇಕು, ಬಿಟ್ಟಿದ್ದರೆ ಇವಳು ಅದೇ ಚೀಲದಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು, ಒಂದಿಡೀ ಸೀಸನ್ನು ನಾನು ಫುಟ್‌ಬಾಲನ್ನು ಓದಿದ್ದು ಹೀಗೆ, ನೋಡುವವರ ಮುಖದಲ್ಲಿ, ಮೈದಾನಕ್ಕೆ ಬೆನ್ನು ಹಾಕಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು. ಇತಿಹಾಸದ ಮೇಷ್ಟ್ರಿಗೆ ಇದೇನು ಹೊಸದಲ್ಲ, ಇಷ್ಟು ವರ್ಷ ಪಾಠ ಹೇಳಿದ ಯುದ್ಧಗಳಲ್ಲಿ ಯಾವುದನ್ನು ತಾನೇ ಕಣ್ಣಾರೆ ಕಂಡಿದ್ದೇನೆ, ಆದರೆ ಅವುಗಳಲ್ಲಿ ಯಾವುದರಲ್ಲೂ ನನ್ನ ಮಗಳು ಗೋಲ್‌ಕೀಪರ್ ಆಗಿರಲಿಲ್ಲ. ಎಲ್ಲ ಶುರುವಾದದ್ದು ಪ್ರಿನ್ಸಿಪಾಲರಿಂದ, ಮೇಷ್ಟ್ರೇ, ಹುಡುಗೀರ ಟೀಮ್ ಜೊತೆ ಕಾಲೇಜಿನ ಕಡೆಯಿಂದ ಒಬ್ರು ಹೋಗ್ಬೇಕು, ಹೇಗೂ ನಿಮ್ಮ ಮಗಳೂ ಇದಾಳಲ್ಲ, ಸುಮ್ನೆ ಹೋಗಿ ಕೂತ್ಕೊಂಡು ಬನ್ನಿ — ಸುಮ್ಮನೆ ಕೂರುವುದರಲ್ಲಿ ನನ್ನ ಸಾಮರ್ಥ್ಯದ ಬಗ್ಗೆ ಅವರಿಗೆ ಎಂದೂ ಅನುಮಾನವಿರಲಿಲ್ಲ. ಮೊದಲ ಪಂದ್ಯಕ್ಕೆ ಉತ್ತರಪತ್ರಿಕೆಗಳ ಕಟ್ಟು ಒಯ್ದಿದ್ದೆ, ಬಿಸಿಲು ಹಾಳೆಗೆ ಹೊಡೆದು ಕಣ್ಣು ಕುಕ್ಕುತ್ತಿತ್ತು, ಕುರ್ಚಿ ತಿರುಗಿಸಿದೆ, ನನ್ನದೇ ನೆರಳು ಹಾಳೆಯ ಮೇಲೆ ಬಿತ್ತು, ಹಾಯೆನಿಸಿತು, ತಲೆ ಎತ್ತುವಷ್ಟರಲ್ಲಿ ಗೆದ್ದಾಗಿತ್ತು, ಅದೂ ಕಳೆದ ಸಲದ ಚಾಂಪಿಯನ್ನರ ವಿರುದ್ಧ. ಎರಡನೆಯದಕ್ಕೆ ಸಭ್ಯನಾಗಿ ಮೈದಾನದ ಕಡೆ ಮುಖ ಮಾಡಿ ಕೂತೆ, ಹಾಫ್‌ಟೈಮಿನ ಹೊತ್ತಿಗೆ ಸೋಲುತ್ತಿದ್ದೆವು, ಕ್ಯಾಪ್ಟನ್ ಬಂದಳು, ಎಲ್ಲರೂ ಪಟಾಕಿ ಅನ್ನುತ್ತಾರೆ ಅವಳಿಗೆ, ಬೆವರು ಸುರಿಸುತ್ತ, ಸೊಂಟಕ್ಕೆ ಕೈ ಕೊಟ್ಟು, ಸಾರ್ ಬೇಜಾರ್ ಮಾಡ್ಕೋಬೇಡಿ, ಕುರ್ಚಿ ಸ್ವಲ್ಪ ಆ ಕಡೆ ತಿರುಗಿಸ್ಕೊಳ್ತೀರಾ. ತಿರುಗಿಸಿಕೊಂಡೆ. ಗೆದ್ದರು. ಅಲ್ಲಿಗೆ ಮುಗಿಯಿತು ನನ್ನ ಕಥೆ, ಅಂದಿನಿಂದ ಈ ಕುರ್ಚಿ ಬಸ್ಸಿನಲ್ಲಿ ನಮ್ಮ ಜೊತೆಗೇ ಬರುತ್ತದೆ, ಅದಕ್ಕೊಂದು ಕಿಟಕಿ ಪಕ್ಕದ ಸೀಟು, ನನಗೆ ಹಿಂದಿನ ಸೀಟು, ಕೋಚ್ ಕಿಸಕ್ಕನೆ ನಕ್ಕು ಸುಮ್ಮನಾದರು, ಭೌತಶಾಸ್ತ್ರದ ಮೇಡಂ ಮಾತ್ರ, ಮೂಢನಂಬಿಕೆ ವಿರುದ್ಧ ಭಾಷಣ ಮಾಡಿ ಬಹುಮಾನ ಪಡೆದಾಕೆ, ಸೆಮಿಫೈನಲ್ಲಿಗೆ ದಿಕ್ಸೂಚಿ ಹಿಡಿದು ಬಂದು ಕುರ್ಚಿಯ ಕೋನ ಸರಿಮಾಡಿದರು, ನಾನು ನಂಬಲ್ಲ ಸಾರ್, ಆದ್ರೆ ಯಾಕೆ ರಿಸ್ಕು. ಹಾಗೆ ಒಂದೊಂದೇ ಕಾಲೇಜನ್ನು ಮಣಿಸುತ್ತ ಫೈನಲ್ಲಿಗೆ ಬಂದಿದ್ದೇವೆ, ಸೋಲೇ ಇಲ್ಲ, ಪತ್ರಿಕೆಯಲ್ಲಿ ಫೋಟೋ ಬಂತು, ಮಗಳು ಗಾಳಿಯಲ್ಲಿ ಅಡ್ಡಡ್ಡ ತೇಲುತ್ತಿದ್ದಾಳೆ, ಹಿಂದೆ ಮಸುಕಾಗಿ ಒಂದು ಬೆನ್ನು, ಅದು ನನ್ನದು, ಮನೆಯಲ್ಲಿ ಹೆಂಡತಿ ಸೌಟು ಹಿಡಿದೇ ಅಡುಗೆಮನೆ ಬಾಗಿಲಲ್ಲಿ ನಿಂತು ತೋರಿಸುತ್ತಾಳೆ, ಹೀಗೆ ಹಾರಿದ್ಲು ಕಣ್ರೀ, ಹೀಗೆ, ನಾನು ತಲೆದೂಗುತ್ತೇನೆ, ನನ್ನ ಮಗಳ ಆಟದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಸೌಟಿನ ಮೂಲಕ ಗೊತ್ತಾದದ್ದು.

ಉದ್ದನೆ ಸೀಟಿ, ಮುಖಗಳೆಲ್ಲ ಸಡಿಲಾದವು, ಸಮ ಸಮ, ಇನ್ನು ಪೆನಾಲ್ಟಿ ಅಂತೆ, ಬೋಳುತಲೆಯವನು ಎದ್ದು ಪ್ಯಾಂಟು ಮೇಲಕ್ಕೆಳೆದುಕೊಂಡು ಕೂತ, ನನಗೆ ಕೂರಲಾಗುತ್ತಿಲ್ಲ, ಕಾಲು ತಾನಾಗಿ ಕುಣಿಯುತ್ತಿದೆ, ಬೆಳಿಗ್ಗೆಯಿಂದ ಹೀಗೇ, ಬಸ್ಸಿನಲ್ಲಿ ಆ ಪಟಾಕಿ ಬಾಯಿ ಬಿಟ್ಟಾಗಿನಿಂದ. ತಮಾಷೆಗೆಂದು ಹೇಳಿದ್ದೆ, ಏನಮ್ಮಾ, ಗೆದ್ದರೆ ನನ್ನ ಬೆನ್ನಿಗೂ ಒಂದು ಹಾರ ಹಾಕ್ತೀರೋ ಇಲ್ಲವೋ, ನೀನೇ ತಾನೇ ಇದನ್ನೆಲ್ಲ ಶುರುಮಾಡಿದ್ದು, ಅಯ್ಯೋ ನಾನಲ್ಲ ಸಾರ್, ನಿಮ್ಮ ಮಗಳದೇ ಐಡಿಯಾ, ನೀನು ಹೋಗಿ ಹೇಳು, ನಾನು ಹೇಳಿದ್ರೆ ಚೆನ್ನಾಗಿರಲ್ಲ ಅಂದ್ಲು — ಅಂದವಳೇ ನಾಲಿಗೆ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಮಗಳದೇ ಐಡಿಯಾ. ಮುಂದಿನ ಸೀಟಿನಲ್ಲಿ ಅವಳ ಜಡೆ ಅಲುಗಾಡುತ್ತಿತ್ತು, ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದಳು, ಕೇಳಿಸಿತೋ ಇಲ್ಲವೋ. ಗೆಲುವಿಗೋಸ್ಕರವೇ ಇರಬಹುದು, ಎಲ್ಲರ ಹಾಗೆ ಅವಳೂ ನಂಬಿರಬಹುದು, ಇಲ್ಲವೇ ನಾನು ನೋಡುವುದೇ ಅವಳಿಗೆ ಬೇಡವಾಗಿರಬಹುದು, ಕಾಲೇಜಿನಲ್ಲಿ ನನ್ನನ್ನು ಸಾರ್ ಅಂತಾಳೆ, ಅದು ನಾವೇ ಮಾಡಿಕೊಂಡ ಒಪ್ಪಂದ, ಆದರೆ ಎಷ್ಟು ಸಲೀಸಾಗಿ ಅಂತಾಳೆ, ಒಂದು ಸಲವೂ ಬಾಯಿ ತಪ್ಪಿ ಅಪ್ಪ ಅಂದದ್ದಿಲ್ಲ. ಸೈಕಲ್ ಕಲಿಯುವಾಗ ನಾನು ಹಿಂದೆ ಓಡುತ್ತಿದ್ದೆ, ನೆಟ್ಟಗೆ ನೋಡು, ಹ್ಯಾಂಡಲ್ ಹಿಡಿ, ಅಷ್ಟು ಬಿಗಿ ಬೇಡ, ಕೆಳಗೆ ನೋಡಬೇಡ, ವಾರವೆಲ್ಲ ಬಿದ್ದಳು, ಪರೀಕ್ಷೆ ಕೆಲಸಕ್ಕೆಂದು ನಾನು ಪರ ಊರಿಗೆ ಹೋದ ಮಧ್ಯಾಹ್ನ ತಾನೇ ಕಲಿತಳು, ವಾಪಸ್ಸು ಬಂದಾಗ ಬೀದಿ ತುದಿಯಲ್ಲಿ ಎರಡೂ ಕೈ ಬಿಟ್ಟು ಹೋಗುತ್ತಿದ್ದಳು, ನನ್ನನ್ನು ಕಂಡವಳೇ ಹ್ಯಾಂಡಲ್ ಹಿಡಿದಳು, ಬಿದ್ದಳು. ಹೆಂಡತಿ ಅಂದಿದ್ದಳು, ನೀವು ನೋಡೋ ರೀತಿಗೆ ಗೋಡೆಗೂ ತಾನು ಸೊಟ್ಟಗಿದೀನಿ ಅನ್ನಿಸ್ಬೇಕು ರೀ. ಇರಲಿ, ಆದರೆ ಇದು ಕೊನೆಯದು, ಅವಳ ಮಂಡಿ ನೋವು ನೋಡಿದ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ, ಈ ಪಂದ್ಯ ಆಡ್ಕೊಳಮ್ಮ, ಆಮೇಲೆ ಚೆಂಡಿನ ತಂಟೆಗೆ ಹೋಗ್ಬೇಡ, ಇವತ್ತು ನೋಡದಿದ್ದರೆ ಇನ್ನು ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ, ಅಷ್ಟೇ ನನಗೆ ಬೇಕಾದದ್ದು, ಒಂದು ಸಲ, ಸೌಟಿಲ್ಲದೆ.

ನಮ್ಮವಳು ಒದ್ದಳು, ಗ್ಯಾಲರಿ ಕುಣಿಯಿತು, ಅವರವಳು ಒದ್ದಳು, ಕೈಚೀಲ ಮುಖದ ಮೇಲೆ, ನಮ್ಮದು ಮತ್ತೆ, ಅವರದು ಮತ್ತೆ, ಬೆನ್ನಲ್ಲಿ ಏನೋ ಹರಿದಾಡುತ್ತಿದೆ, ಬೆವರು, ಕತ್ತು ಇಷ್ಟೇ ಇಷ್ಟು ತಿರುಗಿದರೆ ಕಣ್ಣಂಚಿಗೆ ಗೋಲಿನ ಬಿಳಿ ಕಂಬ ಸಿಗುತ್ತದೆ, ಅಲ್ಲಿಗೇ ನಿಲ್ಲಿಸುತ್ತೇನೆ, ಕಂಬ ನೋಡಿದರೆ ಯಾರಿಗೇನು ನಷ್ಟ, ಭೌತಶಾಸ್ತ್ರ ಕೆಮ್ಮಿತು, ನೆಟ್ಟಗಾದೆ. ನಗು ಬರಬೇಕು, ಬರುತ್ತಿಲ್ಲ, ನಾಳೆ ಇದನ್ನು ಸ್ಟಾಫ್ ರೂಮಿನಲ್ಲಿ ಹೇಳುವಾಗ ಬರುತ್ತದೆ, ಪಟಾಕಿ ಒದ್ದಳು, ಹೋಯಿತು ಒಳಗೆ, ಇದು ಕೊನೇದು ಸಾರ್, ಇದನ್ನ ಹಿಡಿದ್ರೆ ಗೆದ್ವಿ, ಅಂತ ಬೆಂಚಿನ ಕಡೆಯಿಂದ ಯಾರೋ, ಅಲುಗಾಡ್ಬೇಡಿ ಸಾರ್. ಅಲುಗಾಡಬಾರದು. ಹಿಡಿಯದಿದ್ದರೆ ನನ್ನಿಂದ ಅಂತಾರೆ, ಹಿಡಿದರೆ ನಾನು ಕಂಡಿಲ್ಲ, ನನ್ನ ಬೆನ್ನು ಗೆಲ್ಲಿಸುತ್ತದೆ ಅನ್ನುವುದು ಸುಳ್ಳೆಂದು ನನಗೆ ಗೊತ್ತು, ನನ್ನ ಕಣ್ಣು ಸೋಲಿಸುತ್ತದೆ ಅನ್ನುವುದು ಸುಳ್ಳೋ ನಿಜವೋ ಗೊತ್ತಿಲ್ಲ, ಅದಕ್ಕೇ ಕೂತಿದ್ದೇನೆ, ಕುರ್ಚಿ ಕಿರ್ರೆಂದಿತು, ಎದ್ದದ್ದು ನಾನೇ, ತಿರುಗಿದ್ದೂ ನಾನೇ, ಹಸಿರು, ಎಷ್ಟೊಂದು ಹಸಿರು, ಗೋಲು ಇಷ್ಟು ದೊಡ್ಡದಿರುತ್ತದೆಂದು ಯಾರೂ ಹೇಳಿರಲಿಲ್ಲ, ಅದರ ನಡುವೆ ಒಂದು ಮಂಡಿಗೆ ಪಟ್ಟಿ ಸುತ್ತಿಕೊಂಡು ಅವಳು, ಚೆಂಡನ್ನು ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾಳೆ, ಮುಖದಲ್ಲಿ ನಗುವೋ ಬಿಸಿಲೋ, ಬಲಗೈ ಎತ್ತಿದಳು, ದಪ್ಪ ಹಳದಿ ಗ್ಲೌಸು, ಅದರಲ್ಲಿ ತೋರುಬೆರಳೊಂದನ್ನೇ ಎತ್ತಿ ಗಾಳಿಯಲ್ಲಿ ಸುತ್ತಿಸಿದಳು, ತಿರುಗು, ಅಪ್ಪ, ಆ ಕಡೆ ತಿರುಗು, ಅಪ್ಪ ಅಂದಳೋ ಸಾರ್ ಅಂದಳೋ ತುಟಿ ಸರಿಯಾಗಿ ಕಾಣಲಿಲ್ಲ — ತಿರುಗಿದೆ. ಸೀಟಿ. ಒದೆ, ಗ್ಲೌಸಿಗೆ ಚೆಂಡು ಬಡಿದ ಸದ್ದು, ಬೋಳುತಲೆಯವನು ಪಕ್ಕದವನನ್ನು ಅಪ್ಪಿಕೊಂಡ, ಹೆಂಡತಿ ಎದ್ದು ನಿಂತಿದ್ದಾಳೆ, ಚೀಲ ಎಲ್ಲೋ ಬಿದ್ದಿದೆ, ಹಿಡಿದ್ಲು ಕಣ್ರೀ, ಗೆದ್ವಿ, ಅಯ್ಯೋ ಇನ್ನೂ ಯಾಕೆ ಹಾಗೇ ನಿಂತಿದೀರಿ, ಈಗಾದ್ರೂ ಆ ಕಡೆ ನೋಡ್ಬಾರ್ದಾ, ತಿರುಗ್ರೀ, ನೋಡುವುದಕ್ಕೆ ಹೆಂಡತಿ ಇದ್ದಾಳೆ, ಗ್ಯಾಲರಿ ಇದೆ, ಸಾವಿರ ಬಾಯಿ ತೆರೆದಿವೆ, ನನಗೆ ಯಾವುದೂ ಕಾಣುತ್ತಿಲ್ಲ, ಹಳದಿ ಬೆರಳು, ಸುತ್ತುತ್ತಿದೆ, ನಗುತ್ತ ಸುತ್ತಿಸಿದಳೇ, ಬೇಡುತ್ತ ಸುತ್ತಿಸಿದಳೇ, ಹಿಂದೆ ತಿರುಗಿದರೆ ಗೊತ್ತಾಗುತ್ತದೆ, ಹಳದಿ ಬೆರಳು, ಸುತ್ತುತ್ತಿದೆ, ಗಾಳಿಯಲ್ಲಿ, ಒಂದೇ ಬೆರಳು